ನೋವಿನ ಕಾಂಬಿನೇಷನ್ ಮಾತ್ರೆ: ನುಂಗುವುದು ಒಂದು, ಒಳಗೆ ಹೋಗುವುದು ಮೂರು

ಪ್ರಶ್ನೆ: ನನಗೆ 41 ವರ್ಷ. ಮೂರು ತಿಂಗಳ ಹಿಂದೆ ಸೊಂಟ ಹಿಡಿದುಕೊಂಡಾಗ ಡಾಕ್ಟರ್ ಐದು ದಿನಕ್ಕೆ ಅಂತ ಅಸೆಕ್ಲೊಫೆನಾಕ್, ಪ್ಯಾರಾಸಿಟಮಾಲ್, ಸೆರಾಶಿಯೋಪೆಪ್ಟಿಡೇಸ್ ಮೂರೂ ಸೇರಿದ ಮಾತ್ರೆ ಬರೆದುಕೊಟ್ಟಿದ್ದರು. ಒಳ್ಳೆ ಗುಣ ಕಂಡಿತು. ಅಂದಿನಿಂದ ನೋವು ಬಂದಾಗೆಲ್ಲ ಅದನ್ನೇ ತಗೊಳ್ಳುತ್ತಿದ್ದೇನೆ. ಅಮ್ಮನಿಗೆ 67 ವರ್ಷ, ಬಿಪಿ ಇದೆ. ಅವರ ಮಂಡಿನೋವಿಗೂ ಇದನ್ನೇ ಕೊಡುತ್ತಿದ್ದೇನೆ. ಜೊತೆಗೆ ಗ್ಯಾಸ್ ಮಾತ್ರೆ ಕೊಟ್ಟರೆ ಏನೂ ಆಗಲ್ಲ ಅಲ್ವಾ? ಅರ್ಧ ಮುರಿದು ತಗೊಂಡರೆ ಇನ್ನೂ ಒಳ್ಳೆಯದಾ? ಹೋದ ವಾರ ಜ್ವರ ಬಂದಿತ್ತು, ಆಗ ಇದರ ಜೊತೆಗೇ ಜ್ವರದ ಮಾತ್ರೆಯನ್ನೂ ತಗೊಂಡೆ.

ಉತ್ತರ: ಜ್ವರದ ಮಾತ್ರೆಯ ವಿಷಯವನ್ನು ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗಿದೆ. ಓದುವಾಗ ನನ್ನ ಕಣ್ಣು ನಿಂತಿದ್ದು ಮಾತ್ರ ಅಲ್ಲೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಸೊಂಟ, ಅಮ್ಮನ ಮಂಡಿ ಆಮೇಲೆ.

ನೀವು ಹೇಳಿದಂಥ ನೋವಿನ ಮಾತ್ರೆ ಒಂದರಲ್ಲಿ ಸಾಮಾನ್ಯವಾಗಿ ಅಸೆಕ್ಲೊಫೆನಾಕ್ 100 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಇರುತ್ತದೆ. ದಿನಕ್ಕೆ ಎರಡು ನುಂಗಿದರೆ ಪ್ಯಾರಾಸಿಟಮಾಲ್ 650 ಆಯಿತು. ಇನ್ನು ಜ್ವರದ ಮಾತ್ರೆ ಅಂತ ನೀವು ತಗೊಂಡಿದ್ದೂ ಹೆಚ್ಚುಕಮ್ಮಿ ಪ್ಯಾರಾಸಿಟಮಾಲೇ ಇರಬೇಕು. 650ರ ಮಾತ್ರೆ, ಆರು ಗಂಟೆಗೊಂದರಂತೆ ನಾಲ್ಕು ಅಂದರೆ 2,600. ಜ್ವರದ ಹಿಂದೆಯೇ ನೆಗಡಿಯೂ ಬಂದು, ಅದಕ್ಕೊಂದು ಬೇರೆ ಮಾತ್ರೆ ಮೂರು ಹೊತ್ತು ಶುರುವಾಯಿತು ಅಂದುಕೊಳ್ಳಿ. ನೆಗಡಿಯ ಎಷ್ಟೋ ಮಾತ್ರೆಗಳಲ್ಲಿ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಅಲ್ಲಿ 1,500. ಎಲ್ಲ ಕೂಡಿಸಿದರೆ 4,750 ಮಿ.ಗ್ರಾಂ. ಆರೋಗ್ಯವಾಗಿರುವ ದೊಡ್ಡವರು 24 ಗಂಟೆಯಲ್ಲಿ ದಾಟಬಾರದ ಗೆರೆ 4,000. ಗಮನಿಸಿ, ಈ ಲೆಕ್ಕದಲ್ಲಿ ಯಾವ ಮಾತ್ರೆಯನ್ನೂ ಹೇಳಿದ್ದಕ್ಕಿಂತ ಒಂದೂ ಜಾಸ್ತಿ ನುಂಗಿಲ್ಲ. ಆದರೂ ಗೆರೆ ದಾಟಿತು.

ಕಾಂಬಿನೇಷನ್ ಮಾತ್ರೆಗಳ ಬಗ್ಗೆ ನನಗೆ ಹೇಳಬೇಕಿರುವುದು ಮುಖ್ಯವಾಗಿ ಇಷ್ಟೇ. ಎಷ್ಟು ಮಾತ್ರೆ ನುಂಗಿದೆ ಅಂತ ಲೆಕ್ಕ ಇಡಬೇಡಿ, ಯಾವ ಔಷಧ ಎಷ್ಟು ಮಿಲಿಗ್ರಾಂ ಹೋಯಿತು ಅಂತ ಇಡಿ. ಸ್ಟ್ರಿಪ್ ಮೇಲೆ ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರಿಂದ ನಿಮಗೆ ಉಪಯೋಗವಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರತಿ ಔಷಧದ ಹೆಸರು, ಅದರ ತೂಕ ಇರುತ್ತದೆ. ಓದಬೇಕಾದ್ದು ಅದು. ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬಣ್ಣದ ಎರಡು ಮಾತ್ರೆಗಳ ಒಳಗೆ ಒಂದೇ ಔಷಧ ಇರಬಹುದು.

ಪ್ಯಾರಾಸಿಟಮಾಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಿತಿಯೊಳಗೆ ಬಳಸಿದರೆ ಅಷ್ಟು ಸೌಮ್ಯವಾದ ನೋವಿನ ಔಷಧ ಇನ್ನೊಂದಿಲ್ಲ ಅಂತಲೇ ಹೇಳಬಹುದು. ಲಿವರ್ ಅದನ್ನು ಕರಗಿಸಿ ಹೊರಗೆ ಹಾಕುವಾಗ ಒಂದು ಸಣ್ಣ ಪಾಲು ವಿಷವಾಗಿ ಬದಲಾಗುತ್ತದೆ. ಆ ವಿಷವನ್ನು ತಣ್ಣಗೆ ಮಾಡಲು ಲಿವರ್‌ನಲ್ಲಿ ಗ್ಲುಟಾಥಿಯೋನ್ ಅನ್ನುವ ವಸ್ತು ಇದೆ. ಅದರ ದಾಸ್ತಾನು ಮುಗಿಯುವಷ್ಟು ಪ್ಯಾರಾಸಿಟಮಾಲ್ ಬಂದರೆ ಆಗ ಲಿವರ್‌ನ ಜೀವಕೋಶಗಳೇ ಸುಡಲು ಶುರು. ದಿನಾ ಕುಡಿಯುವವರಲ್ಲಿ, ಊಟ ಬಿಟ್ಟು ಸೊರಗಿದವರಲ್ಲಿ ಈ ದಾಸ್ತಾನು ಮೊದಲೇ ಕಡಿಮೆ. ಅವರಿಗೂ, 50 ಕೆ.ಜಿ.ಗಿಂತ ಕಡಿಮೆ ತೂಕದವರಿಗೂ, ಲಿವರ್ ಕಾಯಿಲೆ ಇರುವವರಿಗೂ 4,000 ಅನ್ನುವ ಗೆರೆ ಅನ್ವಯಿಸುವುದಿಲ್ಲ, ಎಷ್ಟು ಅಂತ ಡಾಕ್ಟರೇ ಹೇಳಬೇಕು. ದಿನವೂ ತೆಗೆದುಕೊಳ್ಳಬೇಕಾದವರಿಗೆ ನಾನು 3,000ದ ಒಳಗೇ ಇರಿ ಅನ್ನುತ್ತೇನೆ.

ಇದರಲ್ಲಿ ಮೋಸ ಏನೆಂದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ವಾಕರಿಕೆ, ಸುಸ್ತು, ಅಷ್ಟೇ. ಜ್ವರದ ಸುಸ್ತು ಅಂದುಕೊಂಡು ಮಲಗಿಬಿಡುತ್ತೇವೆ. ಲಿವರ್ ಏಟು ತಿಂದದ್ದು ಗೊತ್ತಾಗುವುದು ಎರಡು ಮೂರು ದಿನ ಕಳೆದ ಮೇಲೆ. ಆದರೆ ಇದಕ್ಕಿರುವ ಮದ್ದು, ಅಸಿಟೈಲ್‌ಸಿಸ್ಟೀನ್, ಚೆನ್ನಾಗಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಯೊಳಗೆ ಕೊಟ್ಟಾಗ. ಆದ್ದರಿಂದ ಯಾರಾದರೂ ತಪ್ಪಿ ತುಂಬಾ ಜಾಸ್ತಿ ನುಂಗಿದರೆ ಏನಾದರೂ ಆಗುತ್ತದಾ ನೋಡೋಣ ಅಂತ ಕಾಯಬೇಡಿ, ಆರಾಮಾಗಿದ್ದೇನೆ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಖಾಲಿ ಸ್ಟ್ರಿಪ್ ಜೇಬಲ್ಲಿರಲಿ. ನಿಮ್ಮ ವಿಷಯಕ್ಕೆ ಬಂದರೆ, ವಾರ ಕಳೆದಿದೆ, ನೀವು ಪತ್ರ ಬರೆಯುವಷ್ಟು ಚೆನ್ನಾಗಿದ್ದೀರಿ. ಹೆದರಬೇಕಿಲ್ಲ. ಮುಂದಿನ ಸಲ ಜ್ವರ ಬಂದಾಗ ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಓದಿ, ಆಮೇಲೆ ನುಂಗಿ.

ಅಂದ ಹಾಗೆ ಆ 325 ಅನ್ನುವ ವಿಚಿತ್ರ ಸಂಖ್ಯೆ ಎಷ್ಟೋ ಮಾತ್ರೆಗಳಲ್ಲಿ ಕಾಣುವುದು ಸುಮ್ನೆ ಅಲ್ಲ. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಡಾಕ್ಟರ್ ಬರೆದುಕೊಡುವ ಕಾಂಬಿನೇಷನ್ ಮಾತ್ರೆಗಳಲ್ಲಿ ಒಂದಕ್ಕೆ 325 ಮಿ.ಗ್ರಾಂಗಿಂತ ಜಾಸ್ತಿ ಪ್ಯಾರಾಸಿಟಮಾಲ್ ಬೇಡ ಎಂದು ಕಂಪನಿಗಳಿಗೆ ಹೇಳಿತು. ಕಾರಣ ಇದೇ: ಜನ ತಮಗೆ ಗೊತ್ತಿಲ್ಲದೆಯೇ ಎರಡೆರಡು ಕಡೆಯಿಂದ ಅದನ್ನು ನುಂಗಿ ಲಿವರ್ ಕೆಡಿಸಿಕೊಳ್ಳುತ್ತಿದ್ದರು.

ಈಗ ಮಾತ್ರೆಯೊಳಗಿನ ಇನ್ನೊಬ್ಬರ ಕಡೆ ಬರೋಣ, ಅಸೆಕ್ಲೊಫೆನಾಕ್. ನೋವು, ಊತ, ಬಿಸಿ, ಕೆಂಪು, ಇವೆಲ್ಲ ಸೇರಿದ್ದನ್ನು ಉರಿಯೂತ ಅನ್ನುತ್ತೇವಲ್ಲ, ಅದರ ಮೇಲೆ ನಿಜವಾಗಿ ಕೆಲಸ ಮಾಡುವುದು ಈ ಗುಂಪಿನ ಔಷಧಗಳು. ಡೈಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್, ಎಲ್ಲ ಅಣ್ಣತಮ್ಮಂದಿರು. ಪ್ಯಾರಾಸಿಟಮಾಲ್ ನೋವು, ಜ್ವರ ಇಳಿಸುತ್ತದೆ, ಊತಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಅದಕ್ಕೇ ಎರಡನ್ನೂ ಜೋಡಿಸುತ್ತಾರೆ.

ಇವು ಹೇಗೆ ಕೆಲಸ ಮಾಡುತ್ತವೆ ಅನ್ನುವುದನ್ನು 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ತೋರಿಸಿದರು. ಅದಕ್ಕೂ ಮುಂಚೆ ಸುಮಾರು ಎಪ್ಪತ್ತು ವರ್ಷ ಜನ ಆಸ್ಪಿರಿನ್ ನುಂಗುತ್ತಲೇ ಇದ್ದರು, ಅದು ಒಳಗೆ ಮಾಡುವುದೇನು ಅಂತ ಮಾತ್ರ ಗೊತ್ತಿರಲಿಲ್ಲ! ದೇಹದಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಅನ್ನುವ ವಸ್ತುಗಳು ತಯಾರಾಗುವುದನ್ನು ಇವು ತಡೆಯುತ್ತವೆ. ಪೆಟ್ಟು ಬಿದ್ದ ಜಾಗದಲ್ಲಿ ನೋವು, ಊತ ಹೆಚ್ಚಿಸುವುದು ಇವೇ ಪ್ರೊಸ್ಟಗ್ಲ್ಯಾಂಡಿನ್‌ಗಳು. ಈ ಕೆಲಸಕ್ಕಾಗಿ ವೇನ್ ಅವರಿಗೆ 1982ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಆದರೆ ಇದೇ ಪ್ರೊಸ್ಟಗ್ಲ್ಯಾಂಡಿನ್‌ಗಳು ಬೇರೆ ಕಡೆ ಒಳ್ಳೆ ಕೆಲಸವನ್ನೂ ಮಾಡುತ್ತಿರುತ್ತವೆ. ಹೊಟ್ಟೆಯ ಆಮ್ಲ ಹೊಟ್ಟೆಯ ಗೋಡೆಯನ್ನೇ ತಿನ್ನದಂತೆ ಲೋಳೆಯ ಪದರ ಕಟ್ಟುವುದು, ಕಿಡ್ನಿಗೆ ಹೋಗುವ ರಕ್ತನಾಳಗಳನ್ನು ತೆರೆದಿಡುವುದು. ಮಾತ್ರೆಗೆ ಸೊಂಟದ್ದು ಯಾವುದು, ಹೊಟ್ಟೆಯದು ಯಾವುದು ಅಂತ ಗೊತ್ತಾಗುವುದಿಲ್ಲ. ಎಲ್ಲ ಕಡೆಯೂ ತಡೆಯುತ್ತದೆ. ಅದಕ್ಕೇ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿಪಿ ಏರುವುದು ಇವೆಲ್ಲ ಒಂದೇ ಬೇರಿನಿಂದ ಬರುತ್ತವೆ. ಇಂಜೆಕ್ಷನ್ ತಗೊಂಡರೆ ಹೊಟ್ಟೆಗೆ ಹೋಗುವುದಿಲ್ಲ, ಹಾಗಾಗಿ ಹೊಟ್ಟೆಹುಣ್ಣು ಆಗುವುದಿಲ್ಲ ಅಂತ ನಂಬಿರುವವರು ತುಂಬಾ ಜನ ಇದ್ದಾರೆ. ತಪ್ಪು. ಔಷಧ ರಕ್ತದ ಮೂಲಕವೇ ಹೊಟ್ಟೆಯ ಪದರವನ್ನು ತೆಳುಮಾಡುತ್ತದೆ, ಅದು ಯಾವ ದಾರಿಯಲ್ಲಿ ಒಳಗೆ ಬಂದರೂ ಅಷ್ಟೇ. ಊಟದ ಮೇಲೆ ತೆಗೆದುಕೊಂಡರೆ ಉರಿ, ವಾಕರಿಕೆ ಕಡಿಮೆ ಅನ್ನುವುದು ನಿಜ. ಹುಣ್ಣು ಆಗುವುದೇ ಇಲ್ಲ ಅನ್ನುವ ಗ್ಯಾರಂಟಿ ಅದರಿಂದ ಸಿಗುವುದಿಲ್ಲ.

ಮೂರನೆಯದು ಸೆರಾಶಿಯೋಪೆಪ್ಟಿಡೇಸ್. ರೇಷ್ಮೆಹುಳುವಿನ ಕರುಳಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ ಬಂದ ಕಿಣ್ವ ಇದು, ಊತ ಇಳಿಸುತ್ತದೆ ಅಂತ ಸೇರಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಇದಿಲ್ಲದಿದ್ದರೂ ನಿಮ್ಮ ಸೊಂಟ ಅಷ್ಟೇ ದಿನಕ್ಕೆ ವಾಸಿಯಾಗುತ್ತಿತ್ತು. ಜಪಾನ್‌ನಲ್ಲಿ ಇದನ್ನು ಹತ್ತಾರು ವರ್ಷ ಮಾರಿದ ಕಂಪನಿಯೇ, ಬರೀ ಸಕ್ಕರೆ ಗುಳಿಗೆಯಂಥ ಮಾತ್ರೆಗಿಂತ ಇದು ಮೇಲು ಅಂತ ತೋರಿಸಲು ಆಗದೆ, 2011ರಲ್ಲಿ ಮಾರಾಟ ನಿಲ್ಲಿಸಿತು. ಭಯಂಕರ ಅಪಾಯದ ಔಷಧವೇನಲ್ಲ. ಮುಂದಿನ ಸಲ ಡಾಕ್ಟರ್ ಬಳಿ ಹೋದಾಗ ಈ ಮೂರನೆಯದು ಬೇಕಾ ಅಂತ ಕೇಳಿ, ಅದರಲ್ಲಿ ತಪ್ಪೇನಿಲ್ಲ.

ಮೂರನೆಯ ಜಾಗದಲ್ಲಿ ಬೇರೆಯವರು ಕೂತಿದ್ದರೆ ಮಾತ್ರ ಜಾಸ್ತಿ ಎಚ್ಚರ ಬೇಕು. ಕ್ಲೋರ್‌ಜೋಕ್ಸಜೋನ್ ಅಥವಾ ಥಯೋಕಾಲ್ಚಿಕೋಸೈಡ್ ಅಂತಿದ್ದರೆ ಅದು ಬಿಗಿದ ಸ್ನಾಯು ಸಡಿಲಿಸುವ ಔಷಧ. ಮೊದಲನೆಯದರಲ್ಲಿ ತೂಕಡಿಕೆ ಬರುತ್ತದೆ, ಅಪರೂಪಕ್ಕೆ ಲಿವರ್‌ಗೂ ಏಟು ಬೀಳುತ್ತದೆ. ಎರಡನೆಯದನ್ನು ಏಳು ದಿನಕ್ಕಿಂತ ಜಾಸ್ತಿ ಬೇಡ, ಗರ್ಭಿಣಿಯರಿಗೆ ಬೇಡವೇ ಬೇಡ ಎಂದು 2013ರಲ್ಲಿ ಯುರೋಪಿನ ಔಷಧ ಸಂಸ್ಥೆ ಕಟ್ಟುನಿಟ್ಟು ಮಾಡಿತು. ಟ್ರಮಡಾಲ್ ಅಂತಿದ್ದರೆ ಅದು ಬೇರೆಯೇ ಜಾತಿ. ಅಫೀಮಿನ ಗುಂಪಿಗೆ ಸೇರಿದ್ದು, ತಲೆಸುತ್ತು, ವಾಂತಿ, ಮಲಬದ್ಧತೆ ತರುತ್ತದೆ, ದಿನಗಟ್ಟಲೆ ತೆಗೆದುಕೊಂಡರೆ ಅಂಟಿಕೊಳ್ಳುತ್ತದೆ, ಮೂರ್ಛೆರೋಗ ಇದ್ದವರಿಗೆ ಫಿಟ್ಸ್ ತರಬಹುದು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದರ ಜೊತೆ ಸೇರಿ ದೊಡ್ಡ ರಾದ್ಧಾಂತವನ್ನೇ ಮಾಡಬಹುದು. ಟ್ರಮಡಾಲ್ ಇರುವ ಮಾತ್ರೆಯನ್ನು ಮನೆಯವರು ಹಂಚಿಕೊಂಡು ತಿನ್ನುವುದು, ತಿಂದು ಗಾಡಿ ಓಡಿಸುವುದು, ಮೇಲೆ ಮದ್ಯ ಕುಡಿಯುವುದು, ಯಾವುದೂ ಕೂಡದು.

ಹಾಗಾದರೆ ಕಾಂಬಿನೇಷನ್ ಮಾತ್ರೆಯೇ ಬೇಡವಾ? ಹಾಗಲ್ಲ. ಹಲ್ಲು ಕೀಳಿಸಿದ ರಾತ್ರಿ, ಕಾಲು ಉಳುಕಿ ಊದಿಕೊಂಡ ಮೊದಲ ಎರಡು ಮೂರು ದಿನ, ಸಣ್ಣ ಆಪರೇಷನ್ ಆದ ಮೇಲೆ, ಇಂಥ ಹೊತ್ತಲ್ಲಿ ಐಬುಪ್ರೊಫೇನ್ ಜೊತೆ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೊಂದನ್ನೇ ಕೊಟ್ಟದ್ದಕ್ಕಿಂತ ಚೆನ್ನಾಗಿ ನೋವು ಇಳಿಯುತ್ತದೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಪ್ರತಿಯೊಂದನ್ನೂ ತೀರಾ ಏರಿಸಬೇಕಾಗುವುದಿಲ್ಲ. ಕೆಲವೇ ದಿನದ ಜೋರು ನೋವು, ಜೊತೆಗೆ ಊತ, ಬೇರೆ ಕಾಯಿಲೆ ಇಲ್ಲದ ಮನುಷ್ಯ: ಈ ಮಾತ್ರೆಗಳಿಗೆ ಹೇಳಿ ಮಾಡಿಸಿದ ಸಂದರ್ಭ ಇದು. ದಿನ ಕಳೆದು ನೋವು ಅರ್ಧಕ್ಕೆ ಇಳಿದ ಮೇಲೂ ಪೂರ್ತಿ ಪ್ಯಾಕೇಜ್ ನುಂಗುತ್ತಲೇ ಇರುವುದು ಸಮಸ್ಯೆ. ಆಗ ಬರೀ ಪ್ಯಾರಾಸಿಟಮಾಲ್ ಸಾಕಾಗುತ್ತಿತ್ತು. ಆದರೆ ಒಂದೇ ಮಾತ್ರೆಯಲ್ಲಿ ಗಟ್ಟಿಯಾಗಿ ಒತ್ತಿ ಸೇರಿಸಿರುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದು ಹೇಗೆ? ನನ್ನ ರೋಗಿಗಳಿಗೆ ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡುವುದೇ ನನಗೆ ಇಷ್ಟ. ಎರಡು ಸ್ಟ್ರಿಪ್ ಅಂತ ಗೊಣಗುತ್ತಾರೆ, ಗೊಣಗಲಿ.

ಈಗ ನಿಮ್ಮ ಸೊಂಟ. ಐದು ದಿನಕ್ಕೆ ಬರೆದದ್ದು ಮೂರು ತಿಂಗಳಾಗಿದೆ. ನೋವು ಬಂದಾಗೆಲ್ಲ ಅಂದರೆ ವಾರಕ್ಕೆ ಎಷ್ಟು? ಒಂದು ಕ್ಯಾಲೆಂಡರ್ ಮೇಲೆ ಗುರುತು ಹಾಕಿ ನೋಡಿ. ತಿಂಗಳಿಗೆ ಎರಡು ಮೂರು ದಿನ ಮಾತ್ರ ಅನ್ನುವುದಾದರೆ ನಾನು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ವಾರದಲ್ಲಿ ನಾಲ್ಕೈದು ದಿನ ಅನ್ನುವುದಾದರೆ ಮಾತ್ರೆ ನಿಮ್ಮ ನೋವನ್ನು ವಾಸಿ ಮಾಡುತ್ತಿಲ್ಲ, ಮುಚ್ಚಿಡುತ್ತಿದೆ. ಸಾಮಾನ್ಯ ಸೊಂಟನೋವು ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮೂರು ತಿಂಗಳು ಉಳಿದಿದೆ ಅಂದರೆ ಅದಕ್ಕೆ ಬೇಕಾಗಿರುವುದು ಪರೀಕ್ಷೆ, ವ್ಯಾಯಾಮ, ಕೂರುವ ಏಳುವ ರೀತಿ ಸರಿಮಾಡುವುದು. ಇಷ್ಟು ದಿನಕ್ಕೆ ಮಾತ್ರೆಯ ಪಾತ್ರ ಚಿಕ್ಕದಾಗಬೇಕಿತ್ತು.

ತೆಗೆದುಕೊಳ್ಳುವ ದಿನವಾದರೂ ಸರಿಯಾಗಿ ತೆಗೆದುಕೊಳ್ಳಿ. ಅಸೆಕ್ಲೊಫೆನಾಕ್ ದಿನಕ್ಕೆ 200 ಮಿ.ಗ್ರಾಂ ದಾಟಬಾರದು, ಅಂದರೆ 100ರ ಮಾತ್ರೆ ಎರಡು, ನಡುವೆ ಸುಮಾರು ಹನ್ನೆರಡು ಗಂಟೆ. ಬೆಳಗ್ಗೆಯ ಮಾತ್ರೆ ಮರೆತುಹೋಯಿತು ಅಂತ ರಾತ್ರಿ ಎರಡು ನುಂಗಬೇಡಿ. ಒಂದು ಲೋಟ ನೀರಿನ ಜೊತೆ, ಊಟದ ಮೇಲೆ. ನುಂಗಿ ಕಾಲು ಗಂಟೆಗೇ ನೋವು ಹೋಗಲಿಲ್ಲ ಅಂತ ಇನ್ನೊಂದು ಹಾಕುವವರಿದ್ದಾರೆ, ಮಾತ್ರೆ ಕರಗಿ ರಕ್ತಕ್ಕೆ ಸೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಸ್ವಲ್ಪ ತಾಳ್ಮೆ ಇರಲಿ. ಇನ್ನೊಂದು ಮುಖ್ಯ ವಿಷಯ, ಇದು ಸಾಲಲಿಲ್ಲ ಅಂತ ಮೇಲೆ ಐಬುಪ್ರೊಫೇನ್ ಅಥವಾ ಡೈಕ್ಲೋಫೆನಾಕ್ ಹಾಕಬೇಡಿ. ಅಣ್ಣತಮ್ಮಂದಿರು ಅಂದೆನಲ್ಲ, ಇಬ್ಬರನ್ನು ಒಟ್ಟಿಗೆ ಕರೆದರೆ ಕೆಲಸ ಎರಡು ಪಟ್ಟು ಆಗುವುದಿಲ್ಲ, ಹೊಟ್ಟೆ ಕಿಡ್ನಿಗೆ ಆಗುವ ತೊಂದರೆ ಮಾತ್ರ ಜಾಸ್ತಿ ಆಗುತ್ತದೆ.

ನೋವಿನ ಜೊತೆ ಕಾಲಿನ ಬಲ ಕಡಿಮೆಯಾಗುವುದು, ತೊಡೆಗಳ ನಡುವಿನ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು ಇದ್ದರೆ ಅದು ತುರ್ತು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಬಿದ್ದ ಮೇಲೆ ಶುರುವಾದ ನೋವು, ಇವುಗಳನ್ನೂ ಮಾತ್ರೆಯಿಂದ ಮುಚ್ಚಿಡಬೇಡಿ. ನೀವು ತಲೆನೋವಿಗೂ ಇದನ್ನೇ ಬಳಸುತ್ತಿದ್ದೀರಾ ಗೊತ್ತಿಲ್ಲ. ಬಳಸುತ್ತಿದ್ದರೆ, ತಿಂಗಳಿಗೆ ಹತ್ತು ದಿನ ಅಥವಾ ಅದಕ್ಕಿಂತ ಜಾಸ್ತಿ ಕಾಂಬಿನೇಷನ್ ಮಾತ್ರೆ ನುಂಗುತ್ತಾ ಮೂರು ತಿಂಗಳು ಕಳೆದರೆ ಆ ಮಾತ್ರೆಯೇ ದಿನನಿತ್ಯದ ತಲೆನೋವು ತರಲು ಶುರು ಮಾಡಬಹುದು. ನುಂಗಿದಷ್ಟೂ ನೋವು, ನೋವಾದಷ್ಟೂ ನುಂಗುವುದು, ಹೀಗೆ ಸುತ್ತುತ್ತಲೇ ಇರುತ್ತದೆ.

ಅಮ್ಮನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಅವರಿಗೆ ಇದನ್ನು ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಅವರ ಬಿಪಿ ಮಾತ್ರೆಯ ಸ್ಟ್ರಿಪ್ ತಂದು ಸಣ್ಣ ಅಕ್ಷರ ಓದಿ. ಹೆಸರಿನ ಕೊನೆಯಲ್ಲಿ ಸಾರ್ಟನ್ ಅಂತ ಇದೆಯಾ, ಟೆಲ್ಮಿಸಾರ್ಟನ್, ಲೋಸಾರ್ಟನ್ ಥರ? ಅಥವಾ ಪ್ರಿಲ್, ಅಂದರೆ ರಾಮಿಪ್ರಿಲ್, ಎನಲಾಪ್ರಿಲ್? ಅದರ ಪಕ್ಕದಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಅಂತಲೂ ಇರಬಹುದು, ಅದು ಮೂತ್ರ ಹೆಚ್ಚಿಸುವ ಔಷಧ. ಎರಡೂ ಇದ್ದರೆ ಅವರ ಬಿಪಿ ಮಾತ್ರೆಯೂ ಕಾಂಬಿನೇಷನ್ನೇ. ಈಗ ಅದರ ಮೇಲೆ ಅಸೆಕ್ಲೊಫೆನಾಕ್ ಬಂದರೆ ಕಿಡ್ನಿಯ ಮೇಲೆ ಮೂರು ಕಡೆಯಿಂದ ಒತ್ತಡ. ಮೂತ್ರದ ಔಷಧ ಮೈಯ ನೀರು ಇಳಿಸಿರುತ್ತದೆ, ಸಾರ್ಟನ್ ಅಥವಾ ಪ್ರಿಲ್ ಕಿಡ್ನಿಯ ಶೋಧಕದಿಂದ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡಿರುತ್ತದೆ, ನೋವಿನ ಔಷಧ ಒಳಗೆ ಬರುವ ನಾಳವನ್ನು ಬಿಗಿ ಮಾಡುತ್ತದೆ. ಒಳಗೆ ಬರುವ ರಕ್ತ ಕಡಿಮೆ, ಹೊರಗೆ ಹೋಗುವ ಬಾಗಿಲು ಅಗಲ, ಶೋಧಿಸುವ ಒತ್ತಡವೇ ಉಳಿಯುವುದಿಲ್ಲ. ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಇನ್ನಷ್ಟು ಇಳಿದ ದಿನ ಈ ಮೂರೂ ಒಟ್ಟಿಗಿದ್ದರೆ ಕಿಡ್ನಿ ಕೈಕೊಡುವುದಕ್ಕೆ ತುಂಬಾ ದಿನ ಬೇಕಾಗಿಲ್ಲ. ಸ್ಟ್ರಿಪ್ ಲೆಕ್ಕದಲ್ಲಿ ಇದು ಎರಡೇ ಮಾತ್ರೆ ನೋಡಿ.

ಇನ್ನೊಂದು, ಈ ಗುಂಪಿನ ಔಷಧಗಳು ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ. ಅಮ್ಮನ ಬಿಪಿ ಇತ್ತೀಚೆಗೆ ಹಿಡಿತಕ್ಕೆ ಬರುತ್ತಿಲ್ಲ ಅಂತ ಡಾಕ್ಟರ್ ಇನ್ನೊಂದು ಬಿಪಿ ಮಾತ್ರೆ ಸೇರಿಸಿದ್ದರೆ, ಅದಕ್ಕೆ ಕಾರಣ ಮಂಡಿಗೆ ಕೊಟ್ಟ ಮಾತ್ರೆಯೇ ಇರಬಹುದು. ಇಂಥದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಅಂದರೆ ಇಲ್ಲ ಅನ್ನುತ್ತಾರೆ, ನೋವಿನ ಮಾತ್ರೆ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ಹೃದಯದ ವಿಷಯವೂ ಇದೆ. ಇದೇ ಗುಂಪಿನ ರೋಫೆಕಾಕ್ಸಿಬ್ ಅನ್ನುವ ಔಷಧ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿಸುತ್ತದೆ ಅಂತ ಗೊತ್ತಾಗಿ 2004ರಲ್ಲಿ ಪ್ರಪಂಚದ ಎಲ್ಲ ಕಡೆಯಿಂದ ಅದನ್ನು ವಾಪಸ್ ತೆಗೆದುಕೊಂಡರು. ಉಳಿದವುಗಳಲ್ಲೂ ಆ ಅಪಾಯ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಮೊದಲೇ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಹೃದಯ ದುರ್ಬಲವಾದವರು ಅಸೆಕ್ಲೊಫೆನಾಕ್, ಡೈಕ್ಲೋಫೆನಾಕ್ ಮುಟ್ಟಬಾರದು. ಹೃದಯಕ್ಕೆ ಅಂತ ಸಣ್ಣ ಆಸ್ಪಿರಿನ್ ತಗೊಳ್ಳುವವರು ಐಬುಪ್ರೊಫೇನ್ ಬಗ್ಗೆಯೂ ಡಾಕ್ಟರನ್ನು ಕೇಳಬೇಕು, ಅದು ಆಸ್ಪಿರಿನ್ ಕೆಲಸಕ್ಕೇ ಅಡ್ಡ ಬರುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಔಷಧ, ಸ್ಟಿರಾಯ್ಡ್ ತಗೊಳ್ಳುವವರಲ್ಲಿ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ತುಂಬಾ ಜಾಸ್ತಿ.

ಗ್ಯಾಸ್ ಮಾತ್ರೆ ಕೊಟ್ಟರೆ ಏನೂ ಆಗಲ್ಲ ಅಲ್ವಾ ಅಂದಿರಿ. ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಥರದವು ಆಮ್ಲ ಕಡಿಮೆ ಮಾಡಿ ಹೊಟ್ಟೆ ಮತ್ತು ಸಣ್ಣಕರುಳಿನ ಮೊದಲ ಭಾಗದ ಹುಣ್ಣನ್ನು ಚೆನ್ನಾಗಿ ತಡೆಯುತ್ತವೆ. ವಯಸ್ಸಾದವರಿಗೆ ನೋವಿನ ಮಾತ್ರೆ ಕೊಡಲೇಬೇಕಾದಾಗ ನಾವೂ ಇದನ್ನು ಜೊತೆಗೆ ಬರೆಯುತ್ತೇವೆ. ಆದರೆ ಕಿಡ್ನಿಗೆ ಇದರಿಂದ ರಕ್ಷಣೆ ಇಲ್ಲ. ಬಿಪಿಗೆ ಇಲ್ಲ, ಹೃದಯಕ್ಕೆ ಇಲ್ಲ, ಕರುಳಿನ ಕೆಳಗಿನ ಭಾಗಕ್ಕೂ ಇಲ್ಲ. ಹೊಟ್ಟೆ ಉರಿ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲೂ ಅಲ್ಲ. ವಯಸ್ಸಾದವರಲ್ಲಿ ಒಂಚೂರೂ ನೋವಿಲ್ಲದೆ ಹುಣ್ಣಾಗಿ, ಮೊದಲ ಸೂಚನೆಯೇ ಟಾರಿನಂಥ ಕಪ್ಪು ಮಲ ಅಥವಾ ಕಾಫಿ ಗಷ್ಟಿನಂಥ ವಾಂತಿ ಆಗಿರುವುದುಂಟು. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರ ಕಡಿಮೆಯಾಗುವುದು, ಕಾಲು ಮುಖ ಊದುವುದು, ಉಸಿರು ಕಟ್ಟುವುದು, ಎದೆನೋವು, ಕಣ್ಣು ಹಳದಿಯಾಗುವುದು, ಮೈಮೇಲೆ ಗುಳ್ಳೆ ಏಳುವುದು, ಇವೂ ಮಾತ್ರೆ ನಿಲ್ಲಿಸಿ ಡಾಕ್ಟರ್ ಬಳಿ ಓಡಬೇಕಾದ ಲಕ್ಷಣಗಳೇ.

ಹಾಗಾದರೆ ಅಮ್ಮನ ಮಂಡಿಗೆ ಏನು ಕೊಡುವುದು? ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಿ. ಮಂಡಿ, ಕೈಬೆರಳು ಥರ ಚರ್ಮಕ್ಕೆ ಹತ್ತಿರ ಇರುವ ಕೀಲುಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಡಿಗೆ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗ ಸೇರುವುದರ ಸುಮಾರು ಶೇ. 6 ಮಾತ್ರ. ಎರಡು ಸಲ ಹಚ್ಚಿ ಏನೂ ಆಗಲಿಲ್ಲ ಅಂತ ಬಿಡಬೇಡಿ, ದಿನಕ್ಕೆ ಮೂರು ನಾಲ್ಕು ಸಲದಂತೆ ಒಂದೆರಡು ವಾರ ಹಚ್ಚಬೇಕು. ಹಚ್ಚಿದ ಮೇಲೆ ಬಿಸಿ ಶಾಖ ಕೊಡುವುದು, ಬಿಗಿಯಾಗಿ ಕಟ್ಟುವುದು ಬೇಡ. ತೊಡೆಯ ಮುಂದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಸಿ, ದೀರ್ಘಕಾಲಕ್ಕೆ ಮಾತ್ರೆಗಿಂತ ಅದೇ ಜಾಸ್ತಿ ಕೈಹಿಡಿಯುತ್ತದೆ. ತೀರಾ ನೋವಿರುವ ದಿನ ಬರೀ ಪ್ಯಾರಾಸಿಟಮಾಲ್, ಮಿತಿಯೊಳಗೆ. ಇಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರ್ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಬಿಪಿ ನೋಡಿ, ಕೆಲವು ದಿನಕ್ಕೆ ಯಾವುದನ್ನು ಕೊಡಬಹುದು ಅಂತ ಹೇಳುತ್ತಾರೆ. ಮೂರು ತಿಂಗಳಿಂದ ಕೊಟ್ಟಿದ್ದೀರಿ, ಹಾಗಾಗಿ ಈ ಪರೀಕ್ಷೆಗಳನ್ನು ಈಗಲೇ ಒಮ್ಮೆ ಮಾಡಿಸುವುದು ಒಳ್ಳೆಯದು. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳ ಹಿಂಭಾಗದ ಫೋಟೋ ತೆಗೆದುಕೊಂಡು ಹೋಗಿ.

ಮನೆಯಲ್ಲಿ ಬೇರೆಯವರೂ ಇರುತ್ತಾರೆ, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಗರ್ಭಿಣಿಯರಿಗೆ, ಅದರಲ್ಲೂ 20 ವಾರ ದಾಟಿದ ಮೇಲೆ, ಈ ಗುಂಪಿನ ನೋವಿನ ಮಾತ್ರೆ ಡಾಕ್ಟರ್ ಹೇಳದೆ ಕೊಡಬಾರದು. ಮಗುವಿನ ಕಿಡ್ನಿಗೆ, ಕೊನೆಯ ತಿಂಗಳುಗಳಲ್ಲಿ ಹೃದಯದ ಹತ್ತಿರದ ರಕ್ತನಾಳಕ್ಕೆ ತೊಂದರೆ. ಮಕ್ಕಳಿಗೆ ದೊಡ್ಡವರ ಮಾತ್ರೆ ಮುರಿದು ಕೊಡುವುದಂತೂ ಬೇಡವೇ ಬೇಡ. ಆಸ್ತಮಾ ಇರುವ ಕೆಲವರಿಗೆ ಇವು ಉಸಿರು ಕಟ್ಟಿಸುತ್ತವೆ, ಹಿಂದೆ ಒಮ್ಮೆ ಹಾಗಾಗಿದ್ದರೆ ಇಡೀ ಗುಂಪನ್ನೇ ಬಿಡಬೇಕು. ಡೆಂಗಿ ಇರಬಹುದು ಅನ್ನುವ ಜ್ವರದಲ್ಲಿ ಬರೀ ಪ್ಯಾರಾಸಿಟಮಾಲ್ ಮಾತ್ರ, ಯಾಕೆಂದರೆ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ, ಇವು ರಕ್ತಸ್ರಾವವನ್ನು ಇನ್ನೂ ಹೆಚ್ಚಿಸುತ್ತವೆ. ನಿಮಗೆ ಹೋದ ವಾರ ಬಂದ ಜ್ವರ ಯಾವುದೋ ಏನೋ. ಅದಕ್ಕೂ ಈ ಮಾತ್ರೆ ಸರಿಯಾದ ಜೋಡಿ ಆಗಿರಲಿಲ್ಲ.

ಕೊನೆಗೆ ಅರ್ಧ ಮಾತ್ರೆ. ಅಡ್ಡಕ್ಕೆ ಗೀರು ಇರುವ ಸಾದಾ ಮಾತ್ರೆಯನ್ನು ಮುರಿಯಬಹುದು. ನಿಮ್ಮದರಲ್ಲಿ ಸೆರಾಶಿಯೋಪೆಪ್ಟಿಡೇಸ್ ಇದೆ, ಅದು ಹೊಟ್ಟೆಯ ಆಮ್ಲದಲ್ಲಿ ಹಾಳಾಗದಿರಲಿ ಅಂತ ಮೇಲೆ ಲೇಪ ಹಾಕಿರುತ್ತಾರೆ, ಮುರಿದರೆ ಆ ಲೇಪ ಹೋಯಿತು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಅಂದರೆ ಹೆಸರಿನ ಮುಂದೆ ಎಸ್‌ಆರ್ ಅಂತ ಇರುವುದು, ಅದನ್ನು ಮುರಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯಬಹುದು, ಅದು ಇನ್ನೂ ಕೆಟ್ಟದ್ದು. ಮುರಿಯಬಹುದಾದದ್ದೇ ಆದರೂ ಮೂರು ಔಷಧವೂ ಅರ್ಧರ್ಧ ಆಗುತ್ತದೆ ಅಷ್ಟೇ. ಅಮ್ಮನ ಕಿಡ್ನಿಗೆ ಬೇಡದ್ದು ಅರ್ಧ ಉಳಿದೇ ಇರುತ್ತದೆ, ನೋವಿಗೆ ಬೇಕಾದ ಪ್ಯಾರಾಸಿಟಮಾಲ್ ಮಾತ್ರ ಸುಮಾರು 160 ಮಿ.ಗ್ರಾಂಗೆ ಇಳಿಯುತ್ತದೆ. ದೊಡ್ಡವರಿಗೆ ಅದು ಯಾವುದಕ್ಕೂ ಸಾಲದು.